ಕನ್ಯಾ ತೋರ್ಸಾಕ ಬರತೈತಿ, ಇಂಟರ್ವ್ಯೂಕ ಕಳ್ಸಾಕ ಬರೂದಿಲ್ಲ

ನಮ್ಮ ಕಡೆ ಯಾರ ಮನಿಗರೆ ಕನ್ಯಾ ನೋಡಾಕ ಬರ್ತಾರ ಅಂದ್ರ ಎಂಟು ದಿನ ಮೊದ್ಲ ತಯಾರಿ ಶುರು ಆಗತೈತಿ. ಪಡಸಾಲಿ ಸಾರ್ಸಿ, ಜಮಖಾನಿ ಒಗದು, ಶಿರಾಕ್ಕ, ಉಪ್ಪಿಟ್ಟಿಗೆ ರವಾ ತಂದು, ಟ್ರಂಕಿನ್ಯಾಗಿನ ಇಳಕಲ್ ಸೀರಿ ಎಲ್ಲಾ ಹೊರಗ ಬರ್ತಾವ. ಹುಡುಗಿಗೆ ಅವ್ವ ಒಂದು ಹೇಳ್ತಾಳ, ಸೋದರತ್ತಿ ಒಂದು ಹೇಳ್ತಾಳ, ಬಾಜೂ ಮನಿ ಅಜ್ಜಿ ಕರೀದಿದ್ರೂ ಬಂದು ಒಂದು ಹೇಳಿ ಹೋಗ್ತಾಳ. ಚಾದ ತಾಟು ಹೆಂಗ ಹಿಡೀಬೇಕು, ಎಲ್ಲಿ ಕುಂದ್ರಬೇಕು, "ಎಷ್ಟನೇತ್ತ ಓದೀಯವಾ?" ಅಂತ ಕೇಳಿದ್ರ ಎಷ್ಟು ಹೇಳ್ಬೇಕು, ಎಲ್ಲಿಗೆ ಸುಮ್ಮನಾಗಬೇಕು. ಹುಡುಗನ ಕಡೇದ್ದೂ ಬಿಡೂದಿಲ್ಲ. ಹೊಲ ಎಷ್ಟೆಕರೆ, ಸಾಲ ಏನರೆ ಐತೇನು, ಹುಡುಗ ಕುಡೀತಾನೇನು ಅಂತ ಅವ್ರ ಊರಾಗಿನ ಬೀಗರಿಗೆ ಗುಟ್ಟಾಗಿ ಫೋನ್ ಹೋಗತೈತಿ. ಇದನ್ನ ಯಾರೂ ಪುಸ್ತಕ ಓದಿ ಕಲ್ತಿಲ್ಲ. ಮನಿಯಿಂದ ಮನಿಗೆ, ಬಾಯಿಂದ ಬಾಯಿಗೆ ಬಂದದ್ದು.

ಅದ ಹುಡುಗಿ ನೌಕರಿ ಇಂಟರ್ವ್ಯೂಕ ಅಂತ ಹುಬ್ಬಳ್ಳಿಗೆ ಹೊಂಟ್ಳಂದ್ರ ನಾವು ಏನು ಹೇಳ್ತೀವಿ? "ದೇವರಿಗೆ ಕೈ ಮುಗದು ಹೋಗವಾ, ಛಲೋ ಆಗ್ಲಿ." ಅಷ್ಟ. ಮುಂದಿಂದು ಅಕಿ, ಅಕಿ ಹಣೇಬಾರ.

ಹೋದ ವರ್ಷ ನಮ್ಮ ಮನ್ಯಾಗ ಆದದ್ದೂ ಇದ. ಮೈದುನನ ಮಗಳು ಪಿಯುಸಿ ಕಾಮರ್ಸ್ ಮುಗಿಸಿದ್ಲು. ಡಿಗ್ರಿಗೆ ಹೆಸ್ರು ಹಚ್ಚೂದೋ, ಕೆಲಸ ಹುಡುಕೂದೋ ಅಂತ ಎರಡು ಮಾತು ನಡದಿತ್ತು. ಅಷ್ಟರಾಗ ಹುಬ್ಬಳ್ಳ್ಯಾಗ ಒಂದು ದೊಡ್ಡ ಬಟ್ಟಿ ಅಂಗಡ್ಯಾಗ ಬಿಲ್ ಮಾಡಾಕ ಹುಡುಗೇರು ಬೇಕಾಗ್ಯಾರ ಅಂತ ಸುದ್ದಿ ಬಂತು. ಹೋದ್ಲು. "ನಿಮ್ಮ ಬಗ್ಗೆ ಹೇಳ್ರಿ" ಅಂದ್ರಂತ. ಇಕಿ ಯೂಟ್ಯೂಬ್ ನೋಡಿ ಬಾಯಿಪಾಠ ಮಾಡ್ಕೊಂಡಿದ್ದ "ಮೈಸೆಲ್ಫ್" ಶುರು ಮಾಡಿ ಮೂರನೇ ಸಾಲಿಗೆ ನಿಂತ್ಲು. "ಕನ್ನಡದಾಗ ಹೇಳ್ರಿ, ನಡೀತೈತಿ" ಅಂದಾರ ಪಾಪ. ಆದ್ರ ಕನ್ನಡದಾಗ ಏನು ಹೇಳ್ಬೇಕು ಅನ್ನೂದ ಅಕಿಗೆ ತಿಳೀಲಿಲ್ಲ. "ಅನುಭವ ಏನರೆ ಐತೇನು?" ಅಂತ ಕೇಳ್ಯಾರ. "ಇಲ್ರಿ" ಅಂದಾಳ. ಎದ್ದು ಬಂದಾಳ.

ಆ "ಇಲ್ರಿ" ಐತಲ್ಲ, ಅದು ನನ್ನ ಎದಿಗೆ ಚುಚ್ಚಿತು. ಯಾಕಂದ್ರ ಇಕಿ ಒಂಬತ್ತನೇತ್ತಾ ಇದ್ದಾಗಿಂದ ಸಾಲಿ ಬಿಟ್ಟ ಮ್ಯಾಲ ಅಪ್ಪನ ಕಿರಾಣಿ ಅಂಗಡ್ಯಾಗ ಕುಂತಾಕಿ. ಉದ್ರಿ ವಹಿ ಬರದಾಕಿ. ಯಾರ ಮನೀದು ಎಷ್ಟು ಬಾಕಿ ಅಂತ ವಹಿ ನೋಡ್ದ ಹೇಳ್ತಾಳ. ಫೋನ್‌ಪೇಕ್ಕ ರೊಕ್ಕ ಬಂದದ್ದು, ಕೈಯಾಗ ಬಂದದ್ದು ರಾತ್ರಿ ಎಣಿಸಿ ಬ್ಯಾರೆ ಬ್ಯಾರೆ ಬರದಿಡ್ತಾಳ. ಗದಗಿನಿಂದ ಮಾಲು ಬಂದ್ರ ಬಿಲ್ಲಿಗೂ ಮಾಲಿಗೂ ತಾಳಿ ನೋಡಿ ಇಳಿಸ್ಕೋತಾಳ. ಬಿಲ್ ಮಾಡಾಕ ಬೇಕಾದಾಕಿ ಇಂಥಾಕಿನ ಅಲ್ಲೇನು? "ಅಂಗಡಿ ನೋಡ್ಕೊಂಡೀನಿ ಅಂತ ಯಾಕ ಹೇಳ್ಲಿಲ್ಲವಾ?" ಅಂತ ಕೇಳಿದೆ.

"ಅದೇನ್ ಕೆಲಸ ಏನು ದೊಡ್ಡವ್ವಾ? ಅದು ಮನೀದು" ಅಂದ್ಲು.

ನಾ ಇವತ್ತು ಬರಿಯೂದು ಈ ಮಾತಿನ ಮ್ಯಾಲ. ನಮ್ಮ ಹರ್ತಿಯಂಥಾ ಊರಿನ ಹುಡುಗ್ರಿಗೆ ಕೆಲಸ ಗೊತ್ತಿಲ್ಲಂತಲ್ಲ. ತಾವು ಮಾಡಿದ್ದು ಕೆಲಸ ಅನ್ನೂದು ಗೊತ್ತಿಲ್ಲ. ಇಂಟರ್ವ್ಯೂ ಕಲಿಸೂದು ಅಂದ್ರ ಮಂದಿ ಬರದ ಉತ್ತರ ಬಾಯಿಪಾಠ ಮಾಡ್ಸೂದು ಅಂತ ತಿಳ್ಕೊಂಡೀವಿ. ನನ್ನ ಕೇಳಿದ್ರ ಕಲಿಸಬೇಕಾದ್ದು ಎರಡ. ತಾನು ಮಾಡಿದ್ದನ್ನ ತನ್ನ ಬಾಯಿಲೆ ಹೇಳೂದು, ಕೆಲಸ ಕೊಡಾವ್ರನ್ನ ತಿರುಗಿ ಕೇಳೂದು. ಅದನ್ನ ಹೈಸ್ಕೂಲು, ಪಿಯುಸಿಯೊಳಗ ಕಲಿಸಬೇಕು. ಆಮೇಲಂದ್ರ ತಡ ಆಗತೈತಿ.

ಮೊದ್ಲ ನಮ್ಮ ಮನಿ ತಪ್ಪು ಹೇಳ್ತೀನಿ. ಹುಟ್ಟಿದಾಗಿಂದ ನಾವು ಮಕ್ಕಳಿಗೆ ಏನು ಹೇಳ್ಕೋತ ಬರ್ತೀವಿ? ದೊಡ್ಡವ್ರು ಮಾತಾಡೂಮುಂದ ನಡುವ ಬಾಯಿ ಹಾಕಬ್ಯಾಡ. ಕೇಳಿದ್ದಕ್ಕಷ್ಟ ಉತ್ತರ ಕೊಡು. ನಿನ್ನ ಬಗ್ಗೆ ನೀನ ಹೇಳ್ಕೋಬ್ಯಾಡ, ಡಂಗುರ ಹೊಡದಂಗ ಕಾಣತೈತಿ. ಮಾಸ್ತರ ಎದುರಿಗೆ ಕೈ ಕಟ್ಟಿ ನಿಂದ್ರು. ಹದಿನೇಳು ವರ್ಷ ಬಾಯಿ ಮುಚ್ಚಸ್ತೀವಿ, ಹದಿನೆಂಟಕ್ಕ ಒಂದು ದಿನ ಬಸ್ಸು ಹತ್ತಿಸಿ "ಧೈರ್ಯದಲೆ ಮಾತಾಡು" ಅಂತೀವಿ. ಆ ಧೈರ್ಯ ಎಲ್ಲಿಂದ ಬರಬೇಕು? ಹುಡುಗೇರ ಪಾಡಂತೂ ಇನ್ನೂ ಕಷ್ಟ. ಕನ್ಯಾ ತೋರ್ಸೂಮುಂದ ಕಲಿಸಿದ್ದು ತಲಿ ತಗ್ಗಿಸಿ ಕುಂದ್ರೂದು. ಅಲ್ಲಿ ತಲಿ ಎತ್ತಿ, ಕಣ್ಣು ನೋಡಿ ಮಾತಾಡಬೇಕು. ಒಂದ ಹುಡುಗಿಗೆ ಎರಡು ಪಾಠ ಬೇಕು, ನಾವು ಒಂದನ್ನ ಅಷ್ಟ ಕಲಿಸೀವಿ.

ಇನ್ನ ಸಾಲಿ, ಕಾಲೇಜು. ಪಿಯುಸಿ ಎರಡನೇ ವರ್ಷದ ಇಂಗ್ಲಿಷ್ ಪೇಪರ್ ನೋಡೀರಿಲ್ಲೋ? ನೌಕರಿಗೆ ಅರ್ಜಿ ಬರಿಯೂದು ಅಂತ ಐದು ಮಾರ್ಕಿನ ಪ್ರಶ್ನೆ ಬರತೈತಿ. ಪೇಪರಿನ್ಯಾಗ ಜಾಹೀರಾತು ಬಂದೈತಿ, ಅದಕ್ಕ ಅರ್ಜಿ ಬರೀರಿ ಅಂತ. ಛಲೋ ಪ್ರಶ್ನೆನ. ಆದ್ರ ಹೆಸರಿನ ಜಾಗಾಕ್ಕ ಎಕ್ಸ್ ಎಕ್ಸ್ ಎಕ್ಸ್ ಅಂತ, ವಿಳಾಸದ ಜಾಗಾಕ್ಕ ವೈ ವೈ ವೈ ಅಂತ ಬರೀಬೇಕು. ಪರೀಕ್ಷಾದಾಗ ಯಾರ ಉತ್ತರ ಅಂತ ಗುರ್ತು ಸಿಗಬಾರ್ದು, ಅದಕ್ಕ ಹಂಗ ಇಟ್ಟಾರ, ತಪ್ಪಲ್ಲ. ನಮ್ಮ ಹುಡುಗ್ರು ಮಾತ್ರ ವರ್ಷಪೂರ್ತಿ ಅದನ್ನ ಬರದು ಬರದು ರೂಢಿ ಮಾಡ್ಕೋತಾರ. ಅರ್ಜಿ ಬರದೋರು ಎಕ್ಸ್ ಎಕ್ಸ್ ಎಕ್ಸ್, ಅವ್ರ ಅನುಭವ ಗೈಡಿನ್ಯಾಗಿಂದು. ಐದಕ್ಕ ಐದು ಬರತೈತಿ. ತನ್ನ ಸ್ವಂತ ಹೆಸರಿಲೆ, ತನ್ನ ಸ್ವಂತ ಕೆಲಸ ಬರದು ಒಂದು ಅರ್ಜಿ ಒಬ್ರ ಕೈಯಾಗೂ ಇರೂದಿಲ್ಲ. ನಮ್ಮ ಹುಡುಗಿಗೂ ಆ ಪ್ರಶ್ನೆಗೆ ಪೂರ್ತಿ ಮಾರ್ಕು ಬಂದಿರಬೇಕು, ಇಂಗ್ಲಿಷಿನ್ಯಾಗ ಎಂಬತ್ತರ ಮ್ಯಾಲ ತಗದಾಳ.

ಇದನ್ನ ಮನ್ಯಾಗ ಎತ್ತಿದಾಗ ನಮ್ಮ ಯಜಮಾನ್ರು ನಕ್ಕು, "ಕೂಸು ಹುಟ್ಟೂಕಿಂತ ಮೊದ್ಲ ಕುಲಾವಿ ಹೊಲಿಸಾಕ ಹೊಂಟೀಯಲ್ಲ. ಹತ್ತನೇತ್ತ ಹುಡುಗ್ರಿಗೆ ಇಂಟರ್ವ್ಯೂ ಯಾಕ? ಓದ್ಲಿ ಬಿಡು" ಅಂದ್ರು. ಬಹಳ ಮಂದಿ ಹಿಂಗ ಅಂತಾರ, ಅದ್ರಾಗ ಸುಳ್ಳೂ ಇಲ್ಲ. ಓದೂ ವಯಸ್ಸು ಅದು. ಕಾಯ್ದೆನೂ ಅದನ್ನ ಹೇಳತೈತಿ. 1986ರ ಬಾಲಕಾರ್ಮಿಕ ಕಾಯ್ದೆಕ್ಕ 2016ರಾಗ ತಿದ್ದುಪಡಿ ಬಂತು. 14ರ ಒಳಗಿನ ಮಕ್ಕಳನ್ನ ಕೆಲಸಕ್ಕ ಇಟ್ಕೋಬಾರ್ದು, 14ರಿಂದ 18ರ ತನಕ ಅಪಾಯದ ಕೆಲಸಕ್ಕ ಹಚ್ಚಬಾರ್ದು. ಸಾಲಿ ಮುಗಿಸಿ ಬಂದು ಮನಿ ಕೆಲಸಕ್ಕ, ಅಂಗಡಿಗೆ ಕೈ ಹಚ್ಚೂದಕ್ಕ ಅಷ್ಟ ಬಿಡುವು ಐತಿ, ಅದೂ ಓದಿಗೆ ಅಡ್ಡಿ ಆಗದಂಗ. ನಾ ಹೇಳೂದು ಹುಡುಗ್ರನ್ನ ಕೆಲಸಕ್ಕ ಅಟ್ರಿ ಅಂತಲ್ಲ. ನಮ್ಮ ಕಡೆ ಬಸರಿ ಹೆಂಗಸಿಗೆ ಏಳು ತಿಂಗಳು ತುಂಬೂದ್ರಾಗ ಹಳೇ ಸೀರಿ ಹರದು ಕೌದಿ ಹೊಲ್ಯಾಕ ಕುಂದ್ರೂದಿಲ್ಲೇನು? ಕೂಸು ಹುಟ್ಟಿದ ದಿನ ಕೌದಿ ಹೊಲ್ಯಾಕಾಗೂದಿಲ್ಲ ಅಂತನ ಅಲ್ಲ?

ಇನ್ನೊಂದು ಮಾತು. ಡಿಗ್ರಿ ಕಾಲೇಜಿನ್ಯಾಗ ಪ್ಲೇಸ್‌ಮೆಂಟ್ ಅಂತ ಒಬ್ರು ಮಾಸ್ತರು ಇರ್ತಾರ, ಟ್ರೇನಿಂಗ್ ಕೊಡ್ತಾರ. ಸರ್ಕಾರದ ಯುವನಿಧಿ ನೋಡಿದ್ರ, ಕೆಲಸ ಸಿಗದಿದ್ದ ಡಿಗ್ರಿಯವ್ರಿಗೆ ತಿಂಗಳಿಗೆ ₹3,000, ಡಿಪ್ಲೊಮಾದವ್ರಿಗೆ ₹1,500. ಎಸ್ಸೆಸ್ಸೆಲ್ಸಿಗೋ ಪಿಯುಸಿಗೋ ನಿಂತ ಹುಡುಗ್ರಿಗೆ ಅದೂ ಇಲ್ಲ, ಇದೂ ಇಲ್ಲ. ಎಲ್ಲಾರಿಗಿಂತ ಮೊದ್ಲ ಕೆಲಸ ಹುಡುಕ್ಕೊಂಡು ಹೋಗಾವ್ರು ಇವ್ರ, ಎಲ್ಲಾರಿಗಿಂತ ಕಡಿಮಿ ಕಲ್ತು ಹೋಗಾವ್ರೂ ಇವ್ರ. ಕೊನೀ ಪಾಠ ಹೇಳೂ ಜಾಗಾ ಅಂದ್ರ ಇವ್ರಿಗೆ ಹೈಸ್ಕೂಲು, ಪಿಯುಸಿನ.

"ಸರ್ಕಾರಿ ನೌಕರಿಗೆ ಈಗ ಇಂಟರ್ವ್ಯೂ ಎಲ್ಲೈತಿ?" ಅಂತ ಕೇಳಾವ್ರೂ ಅದಾರ. ಖರೇ, ಕೇಂದ್ರ ಸರ್ಕಾರದ ಗ್ರೂಪ್ ಸಿ ಮತ್ತ ಅದರಂಥಾ ಕೆಳಗಿನ ಹುದ್ದೆಗಳಿಗೆ 2016ರ ಜನವರಿ 1ರಿಂದ ಇಂಟರ್ವ್ಯೂ ತಗದು ಹಾಕ್ಯಾರ. ಅದಕ್ಕ ಪರೀಕ್ಷಾ ಬರೀಲಿ. ಆದ್ರ ಅಂಗಡಿ, ದವಾಖಾನಿ, ಶೋರೂಮ್, ಧಾರವಾಡದ ಕಡೆ ಕಾರ್ಖಾನಿ, ಬೆಂಗಳೂರಿನ ಕಂಪನಿ, ಎಲ್ಲಾ ಕಡೆ ಒಬ್ಬ ಮನಿಷ್ಯಾ ಎದುರಿಗೆ ಕುಂತು ಕೇಳೂದು ತಪ್ಪಿಲ್ಲ. ಪಿಯುಸಿ ಮುಗಿಸಿದ ನಮ್ಮ ಹುಡುಗ್ರು ಹೋಗೂದೂ ಬಹಳಷ್ಟು ಅಲ್ಲಿಗೇನ.

ಹಂಗಾದ್ರ ಹೆಂಗ ಕಲಿಸೂದು? ಮಾಸ್ತರ್ರ ಮ್ಯಾಲ ಮತ್ತೊಂದು ಹೊರಿ ಹೊರಸ್ರಿ ಅಂತ ನಾ ಅನ್ನೂದಿಲ್ಲ. ಗಣತಿ ಅವ್ರ, ಚುನಾವಣಿ ಅವ್ರ, ಬಿಸಿಯೂಟದ ಲೆಕ್ಕ ಅವ್ರ. ಶನಿವಾರ ಬೆಳಗಿನ ಸಾಲಿ ಇರತೈತಿ. ತಿಂಗಳಿಗೆ ಒಂದು ಶನಿವಾರ ಒಂದು ತಾಸು ಕೊಟ್ರ ಸಾಕು.

ಮೊದಲನೇ ಶನಿವಾರ ಒಂದು ಹಾಳಿ ಕೊಟ್ಟು "ನಾ ಮಾಡಿದ ಕೆಲಸ" ಅಂತ ಬರಸ್ರಿ. ಎಕ್ಸ್ ಎಕ್ಸ್ ಎಕ್ಸ್ ಬ್ಯಾಡ, ತಮ್ಮ ಹೆಸರು. ನೋಡ್ರಿ ಏನೇನು ಬರತೈತಿ ಅಂತ. ಅಪ್ಪನ ಜೋಡಿ ಗದಗಿನ ಎಪಿಎಂಸಿಗೆ ಹೋಗಿ ಹೆಸರುಕಾಳಿನ ತೂಕ ನೋಡಿ, ದಲಾಲಿ ಅಂಗಡ್ಯಾಗ ಪಟ್ಟಿ ಬರಸ್ಕೊಂಡು ಬಂದಾಂವ ಒಬ್ಬ ಇರ್ತಾನ. ಅವ್ವನ ಸ್ತ್ರೀಶಕ್ತಿ ಸಂಘದ ವಾರದ ಉಳಿತಾಯದ ಲೆಕ್ಕ ಬರದು ಕೊಡಾಕಿ ಒಬ್ಬಾಕಿ. ಡೇರಿಗೆ ಹಾಲು ಹಾಕಿ ಫ್ಯಾಟ್ ಎಷ್ಟು ಬಂತು ಅಂತ ಗುರ್ತಿಟ್ಟಾಂವ. ಬೆಟಗೇರಿ ಕಡೆ ನೇಕಾರರ ಮನಿ ಹುಡುಗಿ ಆದ್ರ ಕಂಡಿಕಿ ಸುತ್ತಿರ್ತಾಳ. ಜಾತ್ರ್ಯಾಗ ಮಾಮಾನ ಮಿರ್ಚಿ ಅಂಗಡ್ಯಾಗ ಚಿಲ್ರಿ ಎಣಿಸಿದಾಂವ ಇರ್ತಾನ. ಬರದ ಮ್ಯಾಲ ಮಾಸ್ತರು ಕೇಳಬೇಕು: ಎಷ್ಟು ದಿನ ಮಾಡಿದಿ? ದಿನಕ್ಕ ಎಷ್ಟು ಮಂದಿ? ಒಮ್ಮಿ ತಪ್ಪಾದಾಗ ಏನು ಮಾಡಿದಿ? ಈ ಮೂರು ಪ್ರಶ್ನೆಗೆ ಉತ್ತರ ಹೇಳಿದ್ರ "ಅನುಭವ ಏನರೆ ಐತೇನು?" ಅನ್ನೂದಕ್ಕ ಉತ್ತರ ತಯಾರ್ ಆತು. ಅದ್ರಾಗ ಒಂದು ಸುಳ್ಳಿಲ್ಲ, ಹಂಗಾಗಿ ಮರಿಯೂ ಮಾತೂ ಇಲ್ಲ.

ಎರಡನೇ ಶನಿವಾರ ಗುರ್ತಿಲ್ಲದೋರ ಎದುರಿಗೆ ಮಾತು. ತನ್ನ ಮಾಸ್ತರ ಎದುರಿಗೆ ಮಾತಾಡೂದು ಬ್ಯಾರೆ, ಹೊರಗಿನವ್ರ ಎದುರಿಗೆ ಬ್ಯಾರೆ. ಊರಾಗ ಯಾರಿಲ್ಲ ಹೇಳ್ರಿ? ಸೊಸೈಟಿ ಸೆಕ್ರೆಟರಿ, ಬ್ಯಾಂಕಿನವ್ರು, ಆಸ್ಪತ್ರಿ ನರ್ಸಮ್ಮ, ಬೆಂಗಳೂರಿಂದ ಹಬ್ಬಕ್ಕ ಬಂದ ಇಂಜಿನಿಯರ್ ಹುಡುಗ. 1905ರಾಗನ ಸಹಕಾರಿ ಸಂಘ ಕಟ್ಟಿದ ಕಣಗಿನಹಾಳ ನಮ್ಮ ಜಿಲ್ಲಾದಾಗ ಐತಿ. ಮಂದಿ ಕೂಡಿ ಒಂದು ಕೆಲಸ ಮಾಡೂದು ನಮ್ಗೇನು ಹೊಸಾದಲ್ಲ. ಒಬ್ಬೊಬ್ರಿಗೆ ಐದು ಮಿನಿಟ್, ಬಾಗಲಾ ತಟ್ಟಿ ಒಳಗ ಬರೂದರಿಂದ ಹಿಡದು ಎದ್ದು ಹೋಗೂತನಕ. ಉಳದ ಹುಡುಗ್ರು ನೋಡ್ಕೋತ ಕುಂದ್ರಲಿ, ನಕ್ರ ನಗಲಿ. ಮೊದ್ಲನೇ ಸಲ ತಡವರಿಸೂದು ತನ್ನ ಸಾಲ್ಯಾಗ, ತನ್ನ ಗೆಳತ್ಯಾರ ಮುಂದ ಆಗಲಿ. ಹುಬ್ಬಳ್ಳ್ಯಾಗ ಆಗೂದು ಬ್ಯಾಡ.

ಭಾಷಿ ಬಗ್ಗೆ ಒಂದು ಮಾತು ಹೇಳ್ಬೇಕು. ನಮ್ಮ ಹುಡುಗ್ರಿಗೆ ಇಂಗ್ಲಿಷ್ ಹೆದರಿಕಿ ಇದ್ದದ್ದು ಗೊತ್ತ ಐತಿ, ಅದರ ಜೋಡಿ ಈಗ ತಮ್ಮ ಕನ್ನಡದ ನಾಚಿಕಿನೂ ಹತ್ಕೊಂಡೈತಿ. "ಐತಿ, ಹೌದ್ರಿ" ಅಂದ್ರ ಬೆಂಗಳೂರಾಗ ನಗ್ತಾರಂತ. ಅಲ್ರೀ, ಮಾತು ಮಾತಿಗೆ "ರಿ" ಹಚ್ಚಿ ಮಾತಾಡೂ ಹುಡುಗ್ರಿಗಿಂತ ಮರ್ಯಾದಿಲೆ ಯಾರು ಮಾತಾಡ್ತಾರ? ಮನಿ ಮಾತಿನ್ಯಾಗ ಮೊದ್ಲ ವಿಚಾರ ಹೊಂದಿಸ್ಕೋಬೇಕು. ಆಮೇಲೆ ಅದನ್ನ ಪುಸ್ತಕದ ಕನ್ನಡದಾಗ ಹೇಳಾಕ ರೂಢಿ ಮಾಡ್ಕೋಬೇಕು, ಆಮೇಲೆ ಬಂದಷ್ಟು ಇಂಗ್ಲಿಷಿನ್ಯಾಗ. ಊರಿಗೆ ಹೊಂಟಾಗ ಛಲೋ ಅರಿವಿ ಹಾಕ್ಕೊಂಡು ಹೋಗಿ, ಮನಿಗೆ ಬಂದ ಮ್ಯಾಲ ತಗದಿಡೂದಿಲ್ಲೇನು, ಹಂಗ. ಇಂಗ್ಲಿಷ್ ಬ್ಯಾಡ ಅಂತ ನಾ ಹೇಳೂದಿಲ್ಲ, ಬೇಕು. ಆದ್ರ ವಿಚಾರ ಇಲ್ದ ಇಂಗ್ಲಿಷ್ ಮೂರನೇ ಸಾಲಿಗೆ ನಿಂದರತೈತಿ.

ಈಗ ತಿರುಗಿ ಕೇಳೂ ಮಾತಿಗೆ ಬರ್ತೀನಿ. ಕನ್ಯಾ ಕೊಡೂಮುಂದ ಹುಡುಗನ ಕಡೇದ್ದು ಅಷ್ಟು ವಿಚಾರ್ಸಾವ್ರು ನಾವು, ಮಗಳನ್ನ ಕೆಲಸಕ್ಕ ಕಳ್ಸೂಮುಂದ "ಪಗಾರ ಎಷ್ಟಂತ?" ಅನ್ನೂದೊಂದ ಕೇಳ್ತೀವಿ. ಅದೂ ಪೂರ್ತಿ ಕೇಳೂದಿಲ್ಲ. ಒಂದು ಲೆಕ್ಕ ನೋಡ್ರಿ. ತಿಂಗಳಿಗೆ ₹15,000 ಅಂದ್ರು, ಆ ಪೂರ್ತಿ ರೊಕ್ಕದ ಮ್ಯಾಲ ಪಿಎಫ್ ಹಿಡದ್ರು ಅಂತ ತಿಳ್ಕೊಳ್ರಿ. ಶೇ 12ರಂಗ ₹1,800 ಹೋತು. ಇಎಸ್‌ಐ ಶೇ 0.75, ಅಂದ್ರ ₹113. ಕೈಗೆ ಬರೂದು ₹13,087. ಹಿಡದದ್ದು ಗಂಗಿ ಪಾಲು ಅಂತಲ್ಲ, ಮಾಲಕರೂ ತಮ್ಮ ಪಾಲು ಹಾಕ್ತಾರ. ಪಿಎಫ್ ನಮ್ಮ ಹೆಸರಿನ್ಯಾಗ ಇರತೈತಿ, ಇಎಸ್‌ಐದಾಗ ದವಾಖಾನಿ ಖರ್ಚು ನಡೀತೈತಿ. ಅದಕ್ಕ ಪಿಎಫ್ ಹಿಡಿಯೂ ಕೆಲಸನ ಛಲೋ. ಆದ್ರ ₹13,087ರಾಗ ಹುಬ್ಬಳ್ಳಿ ರೂಮಿನ ಬಾಡಿಗಿ, ಊಟ ಕಳದ್ರ ಮನಿಗೆ ಎಷ್ಟು ಉಳೀತೈತಿ ಅನ್ನೂ ಲೆಕ್ಕ ಮೊದ್ಲ ಹುಡುಗಿಗೆ ಗೊತ್ತಿರಬೇಕು, ಅಪ್ಪ ಅವ್ವಗೂ ಗೊತ್ತಿರಬೇಕು.

ಹುಡುಗ್ರು ಕೇಳಬೇಕಾದ್ದು ಇಷ್ಟ: ಕೈಗೆ ಎಷ್ಟು ಬರತೈತ್ರಿ? ಕೆಲಸದ ವ್ಯಾಳೆ ಏನ್ರಿ, ರಾತ್ರಿ ಪಾಳಿ ಐತೇನ್ರಿ? ವಾರದ ರಜಾ ಯಾವಾಗ್ರಿ? ಪಿಎಫ್, ಇಎಸ್‌ಐ ಅದಾವೇನ್ರಿ? ಕೆಲಸಕ್ಕ ತಗೊಂಡ ಪತ್ರ ಬರದು ಕೊಡ್ತೀರೇನ್ರಿ? ಕಡೀಕ ಎರಡು ಗಟ್ಟಿ ಮಾತು ಪ್ರತಿ ಹುಡುಗ, ಹುಡುಗಿ ಬಾಯಾಗ ಇರಬೇಕು. ಕೆಲಸ ಕೊಡಾಕ ರಜಿಸ್ಟ್ರೇಷನ್, ಡಿಪಾಜಿಟ್ ಅಂತ ರೊಕ್ಕ ಕೇಳಿದ್ರ ಕೊಡೂದಿಲ್ಲ. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ತೋರಿಸ್ತೀನಿ, ಝೆರಾಕ್ಸ್ ಕೊಡ್ತೀನಿ, ಒರಿಜಿನಲ್ ಇಟ್ಟು ಹೋಗೂದಿಲ್ಲ. ಕೆಲಸ ಹುಡುಕಾಕ ರೊಕ್ಕ ಯಾಕ ಕೊಡ್ಬೇಕು? ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ ಐತಿ. 2015ರಾಗ ಶುರು ಆದ ನ್ಯಾಷನಲ್ ಕರಿಯರ್ ಸರ್ವಿಸ್ ಅನ್ನೂ ಸರ್ಕಾರಿ ಪೋರ್ಟಲ್ ಐತಿ, ಪುಕ್ಕಟೆ ಹೆಸ್ರು ಹಚ್ಚಬಹುದು.

ಕಾಗದ ಪತ್ರದ್ದು ಚೂರು ಹೇಳಿ ಮುಂದಕ ಹೋಗ್ತೀನಿ. ಆಧಾರದಾಗಿನ ಹೆಸ್ರು, ಹುಟ್ಟಿದ ತಾರೀಖು, ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನ್ಯಾಗಿಂದು ಒಂದ ಐತೋ ಇಲ್ಲೋ ಅಂತ ಹತ್ತನೇತ್ತ ಇದ್ದಾಗನ ನೋಡ್ರಿ. ಒಂದ್ರಾಗ ಅಡ್ಡಹೆಸ್ರು, ಇನ್ನೊಂದ್ರಾಗ ಬರೇ ಇನಿಶಿಯಲ್ ಇದ್ರ ಕೆಲಸ ಸಿಕ್ಕ ಮ್ಯಾಲ ತಿದ್ದಸಾಕ ಓಡ್ಯಾಡೂದು ಬ್ಯಾಡ. ಅರಿವಿ ಹೊಸಾದು ಬೇಕಂತಿಲ್ಲ, ಒಗದು ಇಸ್ತ್ರಿ ಮಾಡಿದ್ದು ಸಾಕು. ಶಕ್ತಿ ಯೋಜನಾ 2023ರ ಜೂನ್‌ದಾಗ ಬಂದಾಗಿಂದ ಹುಡುಗೇರಿಗೆ ಬಸ್ಸಿನ ಖರ್ಚಿಲ್ಲ. ಹಂಗಾಗಿ ಹಿಂದಿನ ವಾರನ ಒಮ್ಮಿ ಹೋಗಿ ಜಾಗಾ ನೋಡ್ಕೊಂಡು ಬರ್ರಿ. ಹುಬ್ಬಳ್ಳ್ಯಾಗ ಹಳೇ ಬಸ್‌ಸ್ಟ್ಯಾಂಡು, ಹೊಸಾ ಬಸ್‌ಸ್ಟ್ಯಾಂಡು, ಹೊಸೂರು ಬಸ್‌ಸ್ಟ್ಯಾಂಡು ಅಂತ ಬ್ಯಾರೆ ಬ್ಯಾರೆ ಅದಾವ. ಹತ್ತಕ್ಕ ಕರದಲ್ಲಿ ಹತ್ತೂವರಿಗೆ ಮುಟ್ಟಿದ್ರ ಉಳದ ತಯಾರಿ ಎಲ್ಲಾ ನೀರಾಗ ಹೋಮ.

ನಮ್ಮ ಹುಡುಗಿ ಕಥಿ ಮುಗಿಸ್ಬೇಕಲ್ಲ. ಆ "ಇಲ್ರಿ" ಆದ ಮ್ಯಾಲ ಮೂರು ಸಂಜಿ ಮನಿ ಮುಂದಿನ ಕಟ್ಟಿ ಮ್ಯಾಲ ಅಕಿನ್ನ ಕುಂದ್ರಿಸಿದ್ವಿ. ನಾ ಮ್ಯಾನೇಜರ್ ಆದೆ. ನನ್ನ ಪ್ರಶ್ನೆಗೆ ಎರಡೆರಡು ಮಾತಿನ್ಯಾಗ ಉತ್ತರ ಕೊಡ್ತಿದ್ಲು. ಮೂರನೇ ದಿನ ನಮ್ಮತ್ತಿ ರೊಟ್ಟಿ ಬಡದು ಕೈ ಒರಸ್ಕೋತ ಬಂದು ಕುಂತು, "ಆ ಮ್ಯಾಲಿನ ಓಣ್ಯಾವ್ರು ಎಂಟು ತಿಂಗಳು ಉದ್ರಿ ಮುಟ್ಟಿಸಿದ್ದಿಲ್ಲಲ್ಲ, ಅವ್ರ ಕೈಯಾಗ ರೊಕ್ಕ ಹೆಂಗ ತಗೊಂಡೆವಾ?" ಅಂತ ಕೇಳಿದ್ರು. ತಗೋರಿ, ಶುರು ಆದ್ಲು. ಜಗಳ ಆಗದಂಗ ಹೆಂಗ ಕೇಳಿದ್ಲು, ಒಮ್ಮೆಲೆ ಕೊಡಾಕಾಗದಿದ್ರ ವಾರಕ್ಕ ಇಷ್ಟು ಅಂತ ಹೆಂಗ ಮಾಡಿದ್ಲು, ಗಿರಾಕಿ ಬಿಟ್ಟು ಹೋಗದಂಗ ಹೆಂಗ ನೋಡ್ಕೊಂಡ್ಲು, ಹತ್ತು ಮಿನಿಟ್ ನಿಂದ್ರಲಿಲ್ಲ. ತಲಿ ಎತ್ತಿ, ಕೈ ಆಡಿಸಿ ಹೇಳಿದ್ಲು. ಸಾಲಿ ಮೆಟ್ಲ ಹತ್ತದಿದ್ದ ನಮ್ಮತ್ತಿ ಕೇಳಿದ್ದ ಖರೇ ಇಂಟರ್ವ್ಯೂ ಪ್ರಶ್ನೆ.

ಎರಡನೇ ಸಲ ಹೋದಲ್ಲಿ ಚಂದಾಗಿ ಮಾತಾಡಿ ಆಯ್ಕೆನೂ ಆದ್ಲು. ಆದ್ರ ಅವ್ರು ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಒಂದು ವರ್ಷ ನಮ್ಮ ಹತ್ರ ಇರಲಿ ಅಂದ್ರಂತ. "ಝೆರಾಕ್ಸ್ ಕೊಡ್ತೀನ್ರಿ, ಒರಿಜಿನಲ್ ಒಯ್ತೀನ್ರಿ" ಅಂದಾಳ. ಆಗೂದಿಲ್ಲ ಅಂದಾರ. ಎದ್ದು ಬಂದ್ಲು. ಆ ರಾತ್ರಿ ಮನ್ಯಾಗ ಒಲಿ ಹಚ್ಚಿದ್ರೂ ಯಾರೂ ಸರಿಯಾಗಿ ಉಣ್ಣಲಿಲ್ಲ. ನಮ್ಮ ಮೈದುನ, "ಬಂದ ಲಕ್ಷ್ಮೀನ ಒದ್ದು ಬಂದಾಳ, ನೀವ ಕಲಿಸೀರಿ" ಅಂತ ನನ್ನ ಮ್ಯಾಲ ಸಿಟ್ಟಾದ್ರು. ಅವ್ರ ಸಂಕಟ ನನಗ ಗೊತ್ತೈತಿ, ಸೊಸೈಟಿ ಸಾಲದ ಕಂತು ಕಣ್ಣ ಮುಂದ ಇತ್ತು. ನಾ ಕಲಿಸಿದ್ದು ತಪ್ಪಾತೇನು ಅಂತ ನನಗೂ ಒಂದೆರಡು ದಿನ ನಿದ್ದಿ ಹತ್ತಲಿಲ್ಲ.

ಈಗ ಅಕಿ ಗದಗಿನ್ಯಾಗ ಒಂದು ಹೋಲ್‌ಸೇಲ್ ಅಂಗಡ್ಯಾಗ ಲೆಕ್ಕ ಬರೀತಾಳ. ಪಗಾರ ಹುಬ್ಬಳ್ಳಿಯವ್ರು ಹೇಳಿದ್ದಕ್ಕಿಂತ ಕಡಿಮಿನ. ಆದ್ರ ದಿನಾ ಬಸ್ಸಿಗೆ ಹೋಗಿ ಬರ್ತಾಳ, ಹೊರಗಿನಿಂದ ಬಿ.ಕಾಂ. ಕಟ್ಟಬೇಕಂತ ಮಾಡ್ಯಾಳ. ಮಾರ್ಕ್ಸ್‌ಕಾರ್ಡ್ ಮನ್ಯಾಗ, ಟ್ರಂಕಿನ್ಯಾಗ, ಇಳಕಲ್ ಸೀರಿ ಕೆಳಗ ಐತಿ.

ನಮ್ಮ ಅದೃಷ್ಟ, ಮನ್ಯಾಗ ಕಟ್ಟಿ ಇತ್ತು, ಕೇಳಾವ್ರು ಇದ್ರು. ಕೇಳಾವ್ರು ಇಲ್ದ ಮನಿ ಹುಡುಗ್ರು ಎಷ್ಟಿಲ್ಲ? ಅವ್ರ ಪಾಲಿಗೆ ಸಾಲಿನ ಕಟ್ಟಿ ಆಗಬೇಕು. ನಿಮ್ಮ ಮನ್ಯಾಗ ಹತ್ತನೇತ್ತಾದ್ದೋ, ಪಿಯುಸಿದ್ದೋ ಕೂಸು ಇದ್ರ ಇವತ್ತ ಸಂಜಿ ಚಾ ಕುಡಿಯೂಮುಂದ ಒಂದ ಪ್ರಶ್ನೆ ಕೇಳಿ ನೋಡ್ರಿ: "ಇಲ್ಲೀತನಕ ನೀ ಏನೇನು ಕೆಲಸ ಮಾಡೀಯವಾ?" "ಏನೂ ಇಲ್ಲ" ಅಂತ ಅಂತಾರ. ಬಿಡಬ್ಯಾಡ್ರಿ, ಮತ್ತೊಮ್ಮಿ ಕೇಳ್ರಿ.